ಹಿಂದಿನ ಬೆಂಚಿಗೂ ನೆರಳು

ಕಳಸದ ಕಡೆ ಜೀಪು ಅಂದ್ರೆ ಶೋಕಿಯ ಗಾಡಿ ಅಲ್ಲ. ಗೊಬ್ಬರ ಹೊರೋದು ಅದೇ, ಕಾಫಿ ಹಣ್ಣಿನ ಮೂಟೆ ತರೋದು ಅದೇ, ಅಪರಾತ್ರಿ ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ಆಸ್ಪತ್ರೆಗೆ ಓಡೋದೂ ಅದೇ. ನಮ್ಮ ಮನೆಯದು ಹಳೇ ಮಹೀಂದ್ರ ಎಂಎಂ 540. ಅಪ್ಪ ಕೊಳ್ಳುವಾಗಲೇ ಮೂರು ಕೈ ದಾಟಿ ಬಂದಿತ್ತು. ಎಲ್ಲಾದರೂ ಕೆರೆದರೆ ಒಳಗಿಂದ ಇನ್ನೊಂದು ಬಣ್ಣ ಇಣುಕುತ್ತೆ, ಅದನ್ನೂ ಕೆರೆದರೆ ಮತ್ತೊಂದು.

ಅದಕ್ಕೊಂದು ಕರೀ ರೆಕ್ಸಿನ್ ಟಾಪು ಇದೆ. ಅದು ಮಳೆಗಾಲದ ಟಾಪು. ಜೂನ್ ಬರುತ್ತಿದ್ದ ಹಾಗೆ ಹಾಕಿದರೆ ಮಳೆ ಪೂರ್ತಿ ನಿಂತ ಮೇಲೆಯೇ ಬಿಚ್ಚೋದು. ಬೇಸಿಗೆಯಲ್ಲೂ ಅದನ್ನೇ ಇಟ್ಟುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಕರೀ ರೆಕ್ಸಿನ್ ಕೆಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಹತ್ತು ನಿಮಿಷ ಕೂತು ನೋಡಿ, ಉತ್ತರ ಸಿಗುತ್ತೆ. ಒಳಗೆ ಬಂದ ಬಿಸಿ ಹೊರಗೆ ಹೋಗೋದಿಲ್ಲ. ಅಲ್ಲದೆ ಮೂಟೆ, ಏಣಿ, ಸ್ಪ್ರೇಯರ್ ಎಲ್ಲವನ್ನೂ ಪಕ್ಕದಿಂದ ಎತ್ತಿ ಹಾಕಬೇಕಾದ ಕಾಲದಲ್ಲಿ ಮುಚ್ಚಿದ ಟಾಪು ದೊಡ್ಡ ಅಡ್ಡಿ. ಹಾಗಾಗಿ ಡಿಸೆಂಬರಿಂದ ಮೇವರೆಗೆ ನಮ್ಮ ಸೀಮೆಯ ಎಷ್ಟೋ ಜೀಪುಗಳು ಬೋಳು ತಲೆಯಲ್ಲೇ ಓಡಾಡ್ತವೆ.

ಬೋಳು ಜೀಪು ನೋಡೋಕೆ ಚೆಂದ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಕ್ಯಾತನಮಕ್ಕಿಗೋ ಬಂದವರು ಅದರಲ್ಲಿ ನಿಂತುಕೊಂಡು ಫೋಟೋ ತೆಗೆಸಿಕೊಳ್ತಾರೆ. ಅವರದ್ದು ಒಂದು ದಿನದ ಬಿಸಿಲು. ನಮ್ಮ ಜೀಪಿನ ಹಿಂದೆ ಕೂರೋರದ್ದು ಮೂರು ತಿಂಗಳ ಬಿಸಿಲು.

ನಮ್ಮದು ಎರಡು ತುಂಡು ತೋಟ. ಮನೆ ಹತ್ತಿರದ್ದು ಒಂದು, ಒಂಬತ್ತು ಕಿಲೋಮೀಟರ್ ಆಚೆ ಗುಡ್ಡದ ಮೇಲೆ ಇನ್ನೊಂದು. ಫೆಬ್ರವರಿ, ಮಾರ್ಚಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತಾ ಬರುವಾಗಲೇ ಕಾಳುಮೆಣಸು ಶುರುವಾಗುತ್ತೆ. ಮೆಣಸು ಕೊಯ್ಯೋಕೆ, ಆಯೋಕೆ ಆರು ಜನ ಹೆಂಗಸರು ಬರ್ತಾರೆ. ಜೀಪಿನ ಹಿಂದೆ ಎದುರುಬದುರು ಎರಡು ತಗಡಿನ ಬೆಂಚು, ಒಂದೊಂದರಲ್ಲಿ ಮೂರು ಮೂರು ಜನ. ಬೆಳಿಗ್ಗೆ ಹೋಗುವಾಗ ಮಂಜು, ಚಳಿ. ಮಧ್ಯಾಹ್ನ ಆಯ್ದ ಮೆಣಸಿನ ಜೊತೆ ಇಳಿಯುವಾಗ ನೆತ್ತಿ ಮೇಲೆ ಸೂರ್ಯ. ಆ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ಅಂದ್ರೆ ಮುಕ್ಕಾಲು ಗಂಟೆ. ತೋಟದೊಳಗೆ ಮರದ ನೆರಳಿನಲ್ಲಿ ಕೆಲಸ ಮಾಡಿದವರಿಗೆ ದಿನದ ಅತಿ ಕೆಟ್ಟ ಬಿಸಿಲು ಸಿಗೋದು ಈ ಜೀಪಿನಲ್ಲೇ.

ಓಡುವ ಗಾಡಿಯ ಬಿಸಿಲಿಗೆ ಒಂದು ಮೋಸ ಇದೆ. ಗಾಳಿ ಬೆವರನ್ನು ಆಗಾಗಲೇ ಒಣಗಿಸಿಬಿಡುತ್ತೆ. ಮೈ ಒದ್ದೆ ಇಲ್ಲ, ಹಾಗಾಗಿ ನೀರು ಹೋಗ್ತಾ ಇದೆ ಅಂತ ಗೊತ್ತೇ ಆಗಲ್ಲ. ಇಳಿದು ನಿಂತಾಗ ಕಣ್ಣು ಕತ್ತಲೆ ಬರುತ್ತೆ. ಹೋದ ವರ್ಷದ ಹಿಂದಿನ ವರ್ಷ ನಮ್ಮ ತಂಡದ ಹಿರಿಯಕ್ಕನಿಗೆ ಆಗಿದ್ದು ಅದೇ. ಜೀಪಿಂದ ಇಳಿದು, ಮೆಣಸಿನ ಚೀಲಕ್ಕೆ ಕೈ ಹಾಕಿದವರು ಹಾಗೇ ಚಕ್ರದ ಪಕ್ಕ ಕುಸಿದು ಕೂತರು. ಅಮ್ಮ ನೆರಳಿಗೆ ಕರಕೊಂಡು ಹೋಗಿ, ಸೆರಗು ಒದ್ದೆ ಮಾಡಿ ಕುತ್ತಿಗೆಗೆ ಹಾಕಿ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿದರು. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡರು. ಮರುದಿನ ಕೆಲಸಕ್ಕೂ ಬಂದರು. ಬರದೇ ಇದ್ದರೆ ಕೂಲಿ ಹೋಗುತ್ತಲ್ಲ.

ಅಣ್ಣನಿಗೂ ಟಾಪು ಬೇಕು ಅನ್ನಿಸಿದ್ದು ಆಮೇಲೆಯೇ. ಆದರೆ ಅವನ ತಲೆಯಲ್ಲಿದ್ದ ಟಾಪು ಬೇರೆ. ಫೋನಲ್ಲಿ ಒಂದು ಫೋಟೋ ತೋರಿಸಿದ. ಮುಂದಿನ ಗಾಜಿನ ಚೌಕಟ್ಟಿಂದ ಡ್ರೈವರ್ ಸೀಟಿನ ಹಿಂದಿನ ಪೈಪಿನವರೆಗೆ ಮಾತ್ರ ಒಂದು ತುಂಡು ಬಟ್ಟೆ, ಹಿಂದೆಲ್ಲ ಖಾಲಿ. ಅಮೆರಿಕದಲ್ಲಿ ಇದಕ್ಕೆ ಬಿಕಿನಿ ಟಾಪು ಅಂತಾರೆ. ಈ ಹೆಸರು ಅಪ್ಪನ ಮುಂದೆ ಹೇಳೋದು ಹೇಗೆ ಅನ್ನೋದೇ ನಮಗೆ ಎರಡು ದಿನದ ಸಮಸ್ಯೆ ಆಯ್ತು. ಕೊನೆಗೆ ‘ಅರ್ಧ ಟಾಪು’ ಅಂತ ಇಟ್ಟುಕೊಂಡೆವು.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದಕ್ಕೆ ಕೊಟ್ಟಿದ್ದು ಮಡಚಿ ಇಡಬಹುದಾದ ಕ್ಯಾನ್ವಾಸ್ ಟಾಪು, ಅದು ಹಿಂದೆ ಕೂತ ಸಿಪಾಯಿಯ ತಲೆಯನ್ನೂ ಮುಚ್ಚುತ್ತಿತ್ತು. ಅದೇ ವಂಶದ ಗಾಡಿಯನ್ನು ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದರು. ಹಿಂದಿನ ಸೀಟು ಮಜಾಕ್ಕೆ ಮಾತ್ರ ಅನ್ನೋ ಕಡೆ ಅರ್ಧ ಟಾಪು ಸಾಕು. ನಮ್ಮಲ್ಲಿ ಮುಂದೆ ಒಬ್ಬ ಕೂತರೆ ಹಿಂದೆ ಆರು ಜನ.

ಪೇಟೆಯ ಒಂದು ಅಂಗಡಿಯಲ್ಲಿ ಆ ಅರ್ಧ ಟಾಪಿಗೆ ಏಳು ಸಾವಿರ ಹೇಳಿದ್ದರು. “ಹಿಂದೆ ಕೂರೋರಿಗೆ ಬಿಸಿಲು ಅಭ್ಯಾಸ ಇದೆ ಮಾರಾಯ” ಅಂದ ಅಣ್ಣ. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ನಮ್ಮ ಕಡೆ ಎಲ್ಲರೂ ಹೇಳೋ ಮಾತು ಅದು. ಬಿಸಿಲಿಗೆ ಅಭ್ಯಾಸ ಆದವರು ಚಕ್ರದ ಪಕ್ಕ ಯಾಕೆ ಕುಸಿದು ಕೂತರು ಅಂತ ನಾನು ಕೇಳಿದೆ. ಅವನು ಮಾತಾಡಲಿಲ್ಲ, ಏಳು ಸಾವಿರವನ್ನೂ ಬಿಚ್ಚಲಿಲ್ಲ.

ಪಕ್ಕದ ತೋಟದವರು ಅಗ್ಗದಲ್ಲಿ ಮುಗಿಸಿದ್ದರು. ನೀಲಿ ಪ್ಲಾಸ್ಟಿಕ್ ಟಾರ್ಪಾಲು ತಂದು ನಾಲ್ಕು ಮೂಲೆಗೆ ಹಗ್ಗ ಕಟ್ಟಿದ್ದರು. ಗಾಡಿ ಮೂವತ್ತರ ವೇಗ ಹಿಡಿದರೆ ಅದು ಗಾಳಿ ತುಂಬಿ ಪೂರಿ ಥರ ಉಬ್ಬಿ, ಪಟಪಟ ಬಡಿದು, ಪಕ್ಕದಲ್ಲಿ ಕೂತವರ ಮಾತೇ ಕೇಳಿಸುತ್ತಿರಲಿಲ್ಲ. ಒಳಗೆ ನುಗ್ಗಿದ ಗಾಳಿ ಕೆಳಗಿಂದ ದೂಡುತ್ತೆ, ಮೇಲೆ ಹಾದುಹೋಗೋ ಗಾಳಿ ಎಳೆಯುತ್ತೆ. ಎರಡೂ ಸೇರಿ ಮೂಲೆಯ ರಿಂಗುಗಳನ್ನು ಕಿತ್ತು ಹಾಕ್ತವೆ. ಹದಿನೈದು ದಿನಕ್ಕೆ ಆ ಟಾರ್ಪಾಲು ಕಾಫಿ ಒಣಗಿಸೋಕೆ ಹೋಯ್ತು, ಅದರ ಸರಿಯಾದ ಜಾಗಕ್ಕೆ.

ದಾರಿ ತೋರಿಸಿದ್ದು ಹಿರಿಯಕ್ಕನೇ. ಮನೆ ಹಿಂದೆ ನಮ್ಮದೊಂದು ಸಣ್ಣ ನರ್ಸರಿ ಇದೆ. ಕಾಫಿ ಸಸಿಗಳಿಗೆ ಎಳೇ ವಯಸ್ಸಿನಲ್ಲಿ ನೇರ ಬಿಸಿಲು ಆಗಲ್ಲ, ಹಾಗಾಗಿ ಕಂಬ ನೆಟ್ಟು ಮೇಲೆ ಹಸಿರು ಬಲೆ ಎಳೆದಿದ್ದೇವೆ. ಶೇಡ್ ನೆಟ್ ಅಂತಾರಲ್ಲ, ಅದು. ಒಂದು ದಿನ ಅದರ ಕೆಳಗೆ ಕೂತು ಬುತ್ತಿ ಬಿಚ್ಚುತ್ತಾ ಹಿರಿಯಕ್ಕ ನಗಾಡಿಕೊಂಡೇ ಹೇಳಿದರು: “ಸಣ್ಣಯ್ಯಾ, ಕಾಫಿ ಗಿಡಕ್ಕೆ ಚಪ್ಪರ ಹಾಕ್ತೀರಿ. ನಾವೇನು ಕಾಫಿ ಗಿಡಕ್ಕಿಂತ ಕಡೇನಾ?”

ಉಳಿದವರು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮೇಲೆ ನೋಡ್ತಾ ಇದ್ದೆ. ಗಾಳಿ ಬಂದಾಗ ಆ ಬಲೆ ಉಬ್ಬುತ್ತಿರಲಿಲ್ಲ. ಗಾಳಿ ಅದರೊಳಗಿಂದ ಸುಮ್ಮನೆ ದಾಟಿ ಹೋಗ್ತಾ ಇತ್ತು.

ಶೇಡ್ ನೆಟ್ಟಿಗೆ 50, 75, 90 ಅಂತ ಲೆಕ್ಕ ಇರುತ್ತೆ. 75 ಅಂದ್ರೆ ನೂರು ಪಾಲು ಬೆಳಕಲ್ಲಿ 75 ಪಾಲು ತಡೆಯುತ್ತೆ, 25 ಪಾಲು ಬಿಡುತ್ತೆ ಅಂತ. 90ರದ್ದು ತರೋಣ ಅಂದ್ರೆ ಅದರ ಹೆಣಿಗೆ ಒತ್ತು, ಗಾಳಿ ಕಡಿಮೆ ದಾಟುತ್ತೆ. ನಾವು 75ರದ್ದನ್ನೇ ಎರಡು ಪದರ ಹಾಕಿದೆವು. ಮೇಲಿನ ಪದರ ದಾಟಿದ 25 ಪಾಲಿನಲ್ಲಿ ಕೆಳಗಿನದು ಮತ್ತೆ ಮುಕ್ಕಾಲು ತಡೆದರೆ ಉಳಿಯೋದು ಸುಮಾರು ಆರು ಪಾಲು. ಎಳೆಗಳು ಹೇಗೆ ಕೂರ್ತವೆ ಅನ್ನೋದರ ಮೇಲೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ. ಆದರೆ ತಲೆಗೆ ವ್ಯತ್ಯಾಸ ಗೊತ್ತಾಗೋಕೆ ಇಷ್ಟು ಸಾಕು.

ಎರಡು ಪದರಕ್ಕೆ ಇನ್ನೊಂದು ಲಾಭ ಇದೆ. ಮೇಲಿನ ಬಲೆಯನ್ನು ಪೈಪಿನ ಕಮಾನಿನ ಮೇಲಿಂದ, ಕೆಳಗಿನದನ್ನು ಕಮಾನಿನ ಅಡಿಯಿಂದ ಕಟ್ಟಿದರೆ ನಡುವೆ ಪೈಪಿನ ದಪ್ಪದಷ್ಟು, ಅಂದ್ರೆ ಒಂದು ಇಂಚು ಸಂದು ಉಳಿಯುತ್ತೆ. ಬಿಸಿಲಿಗೆ ಕಾಯೋದು ಮೇಲಿನ ಪದರ. ಗಾಡಿ ಓಡುವಾಗ ಆ ಸಂದಿನಲ್ಲಿ ಗಾಳಿ ನುಗ್ಗಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತೆ. ಹಂಚಿನ ಮನೆಯಲ್ಲಿ ಅಟ್ಟ ಇದ್ದರೆ ಕೆಳಗೆ ತಂಪಿರುತ್ತಲ್ಲ, ಹಾಗೆ.

ನಮ್ಮ ಜೀಪಿಗೆ ಹಿಂದಿನ ಕಮಾನು ಇತ್ತು, ನಡುವಿನದ್ದು ಯಾವ ಕಾಲದಲ್ಲೋ ಕಳೆದುಹೋಗಿತ್ತು. ಮಳೆಗಾಲದ ಟಾಪು ಹಾಕುವಾಗ ಅಪ್ಪ ಅಲ್ಲಿಗೊಂದು ಬಿದಿರು ಬಗ್ಗಿಸಿ ಕಟ್ಟುತ್ತಿದ್ದರು. ನಡುವೆ ಗಟ್ಟಿ ಕಮಾನು ಇಲ್ಲದಿದ್ದರೆ ಬಟ್ಟೆ ಜೋತು ಬಿದ್ದು ಹಿಂದೆ ಕೂತವರ ತಲೆ ಮೇಲೇ ಕೂರುತ್ತೆ. ಗುಜರಿಯಲ್ಲಿ ಮುಕ್ಕಾಲು ಇಂಚಿನ ಜಿಐ ಪೈಪು ಹನ್ನೆರಡು ಅಡಿ ಸಿಕ್ತು. ವೆಲ್ಡಿಂಗ್ ಶಾಪಿನವರು ಅದರೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು ಬಗ್ಗಿಸಿದರು. ಮರಳು ತುಂಬದೆ ಬಗ್ಗಿಸಿದರೆ ಮೂಲೆಯಲ್ಲಿ ಪೈಪು ಚಪ್ಪಟೆ ಆಗುತ್ತೆ. ಕಾಯಿಸದೆ ತಣ್ಣಗಿರುವಾಗಲೇ ಬಗ್ಗಿಸಿದರು, ಯಾಕಂದ್ರೆ ಜಿಐ ಪೈಪು ಕೆಂಪಗೆ ಕಾದರೆ ಮೇಲಿನ ಸತುವು ಹೊಗೆಯಾಗಿ ಎದೆಗೆ ಹೋಗುತ್ತೆ. ಯಾರಾದರೂ ಮನೆಯಲ್ಲೇ ಮಾಡೋಕೆ ಹೊರಟರೆ ಇದು ನೆನಪಿರಲಿ.

ಕಮಾನಿನ ಎತ್ತರ ಎಷ್ಟು? ಇದೇ ದೊಡ್ಡ ಚರ್ಚೆ ಆಯ್ತು. ಮುಂದಿನ ಸೀಟಲ್ಲಿ ಕೂತು ಅಳೆದರೆ ತಪ್ಪು ಅಳತೆ ಬರುತ್ತೆ. ಹಿಂದಿನ ಬೆಂಚು ಚಕ್ರದ ಗೂಡಿನ ಮೇಲೆ ಇರೋದ್ರಿಂದ ಅಲ್ಲಿ ಕೂತವರ ತಲೆ ಮೇಲಕ್ಕೇ ಬರುತ್ತೆ. ಹಾಗಾಗಿ ಆರು ಜನರಲ್ಲಿ ಉದ್ದ ಇರೋರನ್ನು ಹಿಂದೆ ಕೂರಿಸಿ ಅಳೆದೆವು. ವೆಲ್ಡಿಂಗಿನವರು ತಲೆ ಮೇಲೆ ನಾಲ್ಕು ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಹಿರಿಯಕ್ಕ ಪಕ್ಕದಲ್ಲಿ ಕೂತು, ನಮ್ಮ ರಸ್ತೆಯ ಹೊಂಡದಲ್ಲಿ ಜೀಪು ಹೇಗೆ ಕುಕ್ಕುತ್ತೆ ಅಂತ ಎದ್ದೆದ್ದು ಕುಕ್ಕಿ ತೋರಿಸಿದರು. ನಾಲ್ಕು ಬೆರಳು ಹೋಗಿ ಒಂದು ಗೇಣಾಯ್ತು. ಆ ಜೀಪು ನಮ್ಮ ಮನೆಗೆ ಬಂದ ಮೇಲೆ ಹಿಂದೆ ಕೂರೋರನ್ನು ಕೂರಿಸಿ ಏನನ್ನಾದರೂ ಅಳೆದಿದ್ದು ಅದೇ ಮೊದಲು.

ಬಲೆ ಮೂರು ಮೀಟರ್ ಅಗಲದ ಸುರುಳಿಯಲ್ಲಿ ಬರುತ್ತೆ. ನಾಲ್ಕು ಮೀಟರ್ ತಂದು ಎರಡು ತುಂಡು ಮಾಡಿದೆವು. ಮೂರು ಮೀಟರನ್ನು ಗಾಡಿಯ ಉದ್ದಕ್ಕೆ ತಿರುಗಿಸಿದರೆ ಗಾಜಿಂದ ಹಿಂದಿನ ಕಮಾನಿನವರೆಗೆ ಸಾಕಾಗಿ, ಮೇಲೆ ಒಂದು ಮೊಳ ಪಟ್ಟಿ ಉಳಿಯುತ್ತೆ. ಎರಡು ಮೀಟರ್ ಅಗಲಕ್ಕೆ. ಎರಡೂ ಬದಿ ಸ್ವಲ್ಪ ಇಳಿಬಿಟ್ಟರೂ ಸಾಕು.

ಹೊಲಿದು ಕೊಟ್ಟವರು ಜೀಪು, ಆಟೋಗಳ ಸೀಟು ಮಾಡುವ ಸಾಬರು. ಬಲೆ ನೋಡಿ “ಗೌಡ್ರೇ, ಇದು ಟೊಮೆಟೊ ಗಿಡಕ್ಕೆ ಹಾಕೋದಲ್ವಾ?” ಅಂದರು. ಆಮೇಲೆ ಅದನ್ನು ಕೈಯಲ್ಲಿ ಎಳೆದು, ಬೆಳಕಿಗೆ ಹಿಡಿದು ನೋಡಿ ಒಪ್ಪಿಕೊಂಡರು. ಇಡೀ ಕೆಲಸದ ಜೀವ ಅಂಚಿನಲ್ಲಿದೆ ಅಂತ ಅವರೇ ಹೇಳಿದ್ದು. ಬಲೆಗೆ ನೇರವಾಗಿ ರಿಂಗು ಹೊಡೆದರೆ ಎರಡೇ ದಿನಕ್ಕೆ ಕಿತ್ತು ಬರುತ್ತೆ. ಹಾಗಾಗಿ ಸುತ್ತಲೂ ಎರಡು ಇಂಚು ಮಡಚಿ, ಮಂಚಕ್ಕೆ ಹೆಣೆಯೋ ನವಾರು ಪಟ್ಟಿಯನ್ನು ಒಳಗಿಟ್ಟು, ಎರಡು ಸಾಲು ಹೊಲಿಗೆ ಹಾಕಿ, ರಿಂಗನ್ನು ಆ ನವಾರಿನ ಮೇಲೆ ಹೊಡೆದರು. ದಾರ ನೈಲಾನಿನದು. ಹತ್ತಿ ದಾರ ನಮ್ಮ ಇಬ್ಬನಿಗೆ ಬೇಗ ಕೊಳೆಯುತ್ತೆ. ರಿಂಗು ಹಿತ್ತಾಳೆಯದು. ಕಬ್ಬಿಣದ್ದಾದರೆ ತುಕ್ಕು ಹಿಡಿದು ನವಾರನ್ನೂ ತಿನ್ನುತ್ತೆ. ಕತ್ತರಿಸಿದ ಅಂಚಿಗೆ ಕಾದ ಸಲಾಕೆ ಎಳೆದಾಗ ಎಳೆಗಳು ಕರಗಿ ಅಂಟಿಕೊಂಡವು. ಪ್ಲಾಸ್ಟಿಕ್ ಬಲೆ ಅಷ್ಟು ಸುಲಭಕ್ಕೆ ಕರಗುತ್ತೆ ಅಂದ ಮೇಲೆ ಅದನ್ನು ಸೈಲೆನ್ಸರ್ ಹತ್ತಿರ ಬಿಡಬಾರದು, ಅದರ ಕೆಳಗೆ ಕೂತು ಬೀಡಿ ಹಚ್ಚಬಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಕಟ್ಟೋಕೆ ಹಗ್ಗ ಬೇಡ ಅಂದವನು ಅಣ್ಣ. ಇಲ್ಲಿ ಅವನ ತಲೆ ಚೆನ್ನಾಗಿ ಓಡಿತು. ಹಳೇ ಸೈಕಲ್ ಟ್ಯೂಬನ್ನು ಬೆರಳಗಲ ಪಟ್ಟಿಯಾಗಿ ಕತ್ತರಿಸಿ ಪ್ರತಿ ರಿಂಗಿಗೂ ಒಂದೊಂದು ಹಾಕಿದ. ರಬ್ಬರ್ ಆದ್ದರಿಂದ ಬಲೆ ಯಾವಾಗಲೂ ಬಿಗಿಯಾಗಿರುತ್ತೆ, ಬಡಿಯೋದಿಲ್ಲ. ಇನ್ನೊಂದು ಉಪಯೋಗ ತೋಟದ ದಾರಿಯಲ್ಲಿ ಗೊತ್ತಾಯ್ತು. ಸಿಲ್ವರ್ ಓಕಿನ ರೆಂಬೆಯೋ ಲಂಟಾನದ ಮುಳ್ಳೋ ಬಲೆಗೆ ಸಿಕ್ಕಿಕೊಂಡರೆ ಟ್ಯೂಬು ಹಿಗ್ಗುತ್ತೆ, ಹೆಚ್ಚೆಂದರೆ ಹರಿಯುತ್ತೆ. ಬಲೆ ಉಳಿಯುತ್ತೆ. ಹರಿದ ಟ್ಯೂಬಿಗೆ ಪಂಕ್ಚರ್ ಅಂಗಡಿಯವರು ದುಡ್ಡು ಕೇಳಲ್ಲ. ಮುಂದೆ ಗಾಜಿನ ಚೌಕಟ್ಟಿಗೆ ಮಾತ್ರ ನೈಲಾನ್ ಹಗ್ಗ. ಗಾಳಿಯ ಹೊಡೆತ ಮೊದಲು ಬೀಳೋದು ಅಲ್ಲಿಗೆ, ಅಲ್ಲಿ ಹಿಗ್ಗಬಾರದು.

ಖರ್ಚು ಹೇಳಿಬಿಡ್ತೇನೆ, ಎಲ್ಲರೂ ಕೇಳೋದು ಅದನ್ನೇ. ಬಲೆ 540 ರೂಪಾಯಿ, ಗುಜರಿ ಪೈಪು 350, ಬಗ್ಗಿಸಿದ ಕೂಲಿ 250, ಹೊಲಿಗೆ, ನವಾರು, ರಿಂಗು ಸೇರಿ 700, ಹಗ್ಗ 60. ಒಟ್ಟು 1,900. ಊರಿಂದ ಊರಿಗೆ ಇದು ವ್ಯತ್ಯಾಸ ಆಗುತ್ತೆ. ಕಮಾನು ಎರಡೂ ಇದ್ದರೆ ಇನ್ನೂ ಕಡಿಮೆ.

ಮಳೆಗೆ ಇದು ಯಾವ ಉಪಯೋಗಕ್ಕೂ ಇಲ್ಲ. ಹೂಮಳೆ ಬಂದರೆ ಬಲೆಯಿಂದ ಜರಡಿ ಹಿಡಿದ ಹಾಗೆ ಸೋರುತ್ತೆ. ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಮಡಚಿ ಇಟ್ಟಿರ್ತೇವೆ. ಬಲೆಯೂ ಕಮಾನೂ ಪ್ರಾಣ ಕಾಯೋ ವಸ್ತುಗಳಲ್ಲ ಅನ್ನೋದೂ ಗೊತ್ತಿರಬೇಕು. ಗಾಡಿ ಮಗುಚಿದರೆ ಮುಕ್ಕಾಲು ಇಂಚಿನ ಪೈಪು ಸೊಪ್ಪಿನ ದಂಟಿನ ಹಾಗೆ ಮಡಚುತ್ತೆ. ತಲೆ ಮೇಲೆ ಪೈಪು ಕಂಡರೆ ಇಳಿಜಾರಿನಲ್ಲಿ ಎಲ್ಲರೂ ಅದನ್ನೇ ಹಿಡ್ಕೊಳ್ತಾರೆ. ಅದು ಬೇಡ ಅಂತ ಬೆಂಚಿನ ಹಿಂದೆ ಬಾಡಿಗೆ ಕಟ್ಟಿದ ದಪ್ಪ ಹಗ್ಗ ಕೊಟ್ಟಿದ್ದೇವೆ. ಹಿಂದಿನ ಲೈಟು, ನಂಬರ್ ಪ್ಲೇಟು ಮುಚ್ಚೋ ಹಾಗೆ ಬಲೆ ಇಳಿಬಿಡಬೇಡಿ.

ಕಾನೂನಿನ ವಿಷಯವೂ ಒಂದಿದೆ. ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮೇಲೆ ಬಂದ ತೀರ್ಪು ಅದು. ಹಾಗಾಗಿ ತಗಡು ಬೆಸೆದು ಗಟ್ಟಿ ಛಾವಣಿ ಮಾಡೋದು, ಬಾಡಿ ಕತ್ತರಿಸೋದು ಇದ್ಯಾವುದಕ್ಕೂ ನಾವು ಕೈ ಹಾಕಲಿಲ್ಲ. ಕಮಾನು ಕೂರೋದು ಗಾಡಿಯಲ್ಲಿ ಮೊದಲೇ ಇದ್ದ ಗೂಡಿನಲ್ಲಿ. ಬಲೆ ಕಟ್ಟಿ ಬಿಚ್ಚೋ ಬಟ್ಟೆ. ಒಂದು ತೂತೂ ಹೊಸದಾಗಿ ಕೊರೆದಿಲ್ಲ.

ಹಾಕಿದ ಮೊದಲ ವಾರ ಅಣ್ಣನ ಗೆಳೆಯರು ಜೀಪಿಗೆ ‘ಸೌತೆ ಚಪ್ಪರ’ ಅಂತ ಹೆಸರಿಟ್ಟರು. ಆ ಹೆಸರು ಈಗಲೂ ಇದೆ. ಮಧ್ಯಾಹ್ನ ಮೇಲಿನ ತೋಟದಲ್ಲಿ ಜೀಪು ಬಿಸಿಲಲ್ಲಿ ನಿಂತಿದ್ದರೂ ತಗಡಿನ ಬೆಂಚು ಈಗ ಕೈ ಇಡೋ ಹಾಗಿರುತ್ತೆ. ಮುಂಚೆ ಗೋಣಿಚೀಲ ಒದ್ದೆ ಮಾಡಿ ಹಾಸಿ ಹತ್ತು ನಿಮಿಷ ಕಾಯಬೇಕಿತ್ತು. ದಾರಿಯಲ್ಲಿ ಈಗ ಹಿಂದಿನಿಂದ ಮಾತು ಕೇಳಿಸುತ್ತೆ. ಮೊದಲು ಸೆರಗನ್ನು ಮುಖದ ತನಕ ಎಳೆದುಕೊಂಡು, ತಲೆ ಬಗ್ಗಿಸಿ ಸುಮ್ಮನೆ ಕೂತಿರುತ್ತಿದ್ದರು. ಅವರು ಮಾತು ಕಡಿಮೆ ಆಡೋರು ಅಂತಲೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು.

ಸಾಬರು ನಮ್ಮ ಅಳತೆಯನ್ನು ರಟ್ಟಿನ ಮೇಲೆ ಬರೆದು ಅಂಗಡಿ ಗೋಡೆಗೆ ನೇತುಹಾಕಿದ್ದಾರೆ. ಈ ಬೇಸಿಗೆಗೆ ಇನ್ನೆರಡು ಜೀಪಿಗೆ ಹೊಲಿದು ಕೊಟ್ಟರಂತೆ. ಅದರಲ್ಲೊಂದು ಪಕ್ಕದ ತೋಟದವರದ್ದು. ನಮ್ಮಲ್ಲಿ ಉಳಿದ ಮೊಳದಗಲದ ಎರಡು ಪಟ್ಟಿಗೂ ಈಗ ಕೆಲಸ ಬಂದಿದೆ. ಮೆಣಸು ಹೆಚ್ಚಿದ್ದ ದಿನ ವಾಪಸ್ ಬರೋದು ಸಂಜೆ ಆಗುತ್ತೆ. ಆಗ ಪಶ್ಚಿಮದ ಬಿಸಿಲು ಟಾಪಿನ ಕೆಳಗಿಂದ ನುಗ್ಗಿ ಎಡಗಡೆ ಬೆಂಚಿನವರ ಬೆನ್ನಿಗೆ ಹೊಡೆಯುತ್ತೆ. ಅಲ್ಲಿಗೊಂದು ಪರದೆ ಬೇಕು ಅಂತ ಹಿರಿಯಕ್ಕ ಹೇಳಿದ್ದಾರೆ. ಎಡಗಡೆಗೆ ಮಾತ್ರ ಹಾಕಿದರೆ ಸಾಕಾ, ಎರಡೂ ಕಡೆ ಬೇಕಾ ಅಂತ ಅಣ್ಣ ಅವರನ್ನೇ ಕೇಳಿದ್ದಾನೆ. ಸೋಮವಾರ ಕೂತು ನೋಡಿ ಹೇಳ್ತೀನಿ ಅಂದಿದ್ದಾರೆ.